ತಂಗಡಿ ಗಿಡ: ಸಸ್ಯಶಾಸ್ತ್ರೀಯ ಹೆಸರು ಮತ್ತು ಗುರುತಿಸುವ ಲಕ್ಷಣಗಳು

ಚಿಕ್ಕಬಳ್ಳಾಪುರ ಜಿಲ್ಲೆಯ ಸ್ಕಂದಗಿರಿ (ಕಳವಾರ ದುರ್ಗ) ಸುತ್ತಲಿನ ಬಯಲು, ಕುರುಚಲು ಕಾಡು ಹಾಗೂ ರಸ್ತೆ ಬದಿಗಳಲ್ಲಿ ಹಳದಿ ಹೂ ಬಿಡುವ ಪೊದೆಯೇ ತಂಗಡಿ. ಇದಕ್ಕೆ ಆವರಿಕೆ ಎಂಬ ಹೆಸರೂ ಉಂಟು. ತೆಲುಗಿನಲ್ಲಿ ಇದು ತಂಗೇಡು. ತೆಲಂಗಾಣದ ರಾಜ್ಯ ಪುಷ್ಪ. ಇದನ್ನು ಹೋಲುವ ಹಾಗೂ ಇದರ ಹೆಸರನ್ನೇ ಹೋಲುವ ಬೇರೆ ಗಿಡಗಳಿರುವುದರಿಂದ ನಿಖರವಾಗಿ ಗುರುತಿಸುವುದು ಅಗತ್ಯವಾಗಿದೆ.

ಸಸ್ಯಶಾಸ್ತ್ರೀಯ ಹೆಸರು

ಇಂದಿನ ಹೆಸರು ಸೆನ್ನಾ ಆರಿಕ್ಯುಲೇಟ, ಕುಟುಂಬ ಫ್ಯಾಬೇಸೀ. 1753ರಲ್ಲಿ ಲಿನೇಯಸ್ ಇದನ್ನು ಕ್ಯಾಸಿಯಾ ಆರಿಕ್ಯುಲೇಟ ಎಂದು ಹೆಸರಿಸಿದನು. 1832ರಲ್ಲಿ ಪ್ರಕಟವಾದ ರಾಕ್ಸ್‌ಬರ್ಗ್‌ನ 'ಫ್ಲೋರಾ ಇಂಡಿಕಾ'ದಲ್ಲಿ ಇದು ಸೆನ್ನಾ ಎಂಬ ಕುಲದಲ್ಲಿ ಸೇರಿತು. 1982ರಲ್ಲಿ ಇರ್ವಿನ್ ಮತ್ತು ಬಾರ್ನೆಬಿ ಕ್ಯಾಸಿಯಾ ಗುಂಪನ್ನು ಪುನರ್‌ವಿಂಗಡಿಸಿದ ಬಳಿಕ ಸೆನ್ನಾ ಎಂಬ ಹೆಸರು ವ್ಯಾಪಕ ಬಳಕೆಗೆ ಬಂದಿತು. ಹಳೆಯ ಗ್ರಂಥಗಳಲ್ಲಿ ಕ್ಯಾಸಿಯಾ ಎಂದಿದ್ದರೂ ಗಿಡ ಒಂದೇ. 'ಆರಿಕ್ಯುಲೇಟ' ಎಂದರೆ ಕಿವಿಯುಳ್ಳದ್ದು ಎಂದರ್ಥ.

ಮುಖ್ಯ ಲಕ್ಷಣಗಳು

1. ಎಲೆ: ಗರಿಯಂತೆ ಜೋಡಿಸಿಕೊಂಡ ಸುಮಾರು 8ರಿಂದ 12 ಜೊತೆ ಕಿರುಎಲೆಗಳು, ಪ್ರತಿ ಜೊತೆಯ ನಡುವೆ ಒಂದು ಸಣ್ಣ ಗ್ರಂಥಿ.
2. ಎಲೆಯ ಬುಡ: ಕಿವಿಯಂತೆ ಅಗಲವಾದ, ಉದುರದೆ ಉಳಿಯುವ ಎರಡು ಕಾವಿನೆಲೆಗಳು. ಹೆಸರಿಗೆ ಕಾರಣ ಇವೇ.
3. ಹೂ: ಐದು ದಳ, ಹತ್ತು ಕೇಸರ; ಮೇಲಿನ ಮೂರು ಕೇಸರಗಳು ಬಂಜೆ.
4. ಕಾಯಿ: ಚಪ್ಪಟೆಯಾದ, ಕಾಗದದಂತೆ ತೆಳುವಾದ ಕಾಯಿ.
5. ತೊಗಟೆ: ಟ್ಯಾನಿನ್ ಸಮೃದ್ಧವಾಗಿದ್ದು, ಚರ್ಮ ಹದ ಮಾಡಲು ಬಹುಕಾಲದಿಂದ ಬಳಕೆಯಲ್ಲಿದೆ.

ತಪ್ಪಾಗಿ ಗುರುತಿಸುವ ಅಪಾಯ

ದೊಡ್ಡ ತಗಚೆ (ಸೆನ್ನಾ ಆಕ್ಸಿಡೆಂಟಾಲಿಸ್) ಕೂಡ ಹಳದಿ ಹೂವಿನ ಗಿಡ. ಇದರಲ್ಲಿ 3ರಿಂದ 5 ಜೊತೆ ಚೂಪಾದ ಕಿರುಎಲೆಗಳಿದ್ದು, ಎಲೆತೊಟ್ಟಿನ ಬುಡದಲ್ಲಿ ಮಾತ್ರ ಒಂದು ಗ್ರಂಥಿ ಇರುತ್ತದೆ; ಕಿವಿಯಂಥ ಕಾವಿನೆಲೆಗಳು ಇರುವುದಿಲ್ಲ. ಇದರ ಬೀಜ ವಿಷಕಾರಿ. ಪಶ್ಚಿಮ ಉತ್ತರ ಪ್ರದೇಶದಲ್ಲಿ ಮಕ್ಕಳ ಯಕೃತ್ತು, ಸ್ನಾಯು ಮತ್ತು ಮೆದುಳಿಗೆ ಹಾನಿ ಮಾಡಿ ಪ್ರಾಣ ತೆಗೆಯುತ್ತಿದ್ದ ಕಾಯಿಲೆಗೆ ಈ ಗಿಡದ ಸೇವನೆಯೊಂದಿಗೆ ಸಂಬಂಧವಿದೆಯೆಂದು 2007ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು.

ನೆಲಾವರಿಕೆ ಅಥವಾ ಸೋನಾಮುಖಿ (ಸೆನ್ನಾ ಅಲೆಗ್ಸಾಂಡ್ರಿನ) ಹೆಸರಿನಲ್ಲಿ ಆವರಿಕೆಯನ್ನು ಹೋಲುತ್ತದೆ. ಅದು ಪ್ರಬಲ ವಿರೇಚಕ. ಅದರ ಎಲೆಯಲ್ಲಿ ಗ್ರಂಥಿಗಳಿರುವುದಿಲ್ಲ.

ಸಾರ್ವಜನಿಕರ ಗಮನಕ್ಕೆ

* ಸಸಿ, ಬೀಜ ಅಥವಾ ಔಷಧೀಯ ಸಸ್ಯಗಳಿಗೆ ಸಂಬಂಧಿಸಿದ ಅರ್ಜಿಗಳಲ್ಲಿ ಸ್ಥಳೀಯ ಹೆಸರಿನೊಂದಿಗೆ ಸಸ್ಯಶಾಸ್ತ್ರೀಯ ಹೆಸರನ್ನೂ ನಮೂದಿಸುವುದು ಸೂಕ್ತ.
* ಹೂವಿನ ಬಣ್ಣವೊಂದನ್ನೇ ನಂಬದೆ, ಎಲೆಯ ಬುಡದ 'ಕಿವಿ'ಗಳನ್ನೂ ಗ್ರಂಥಿಗಳನ್ನೂ ಪರಿಶೀಲಿಸತಕ್ಕದ್ದು.
* ಗುರುತು ಖಚಿತವಾಗದ ಗಿಡದ ಬೀಜ, ಎಲೆ ಅಥವಾ ಹೂವನ್ನು ಸೇವಿಸಬಾರದು, ಮಕ್ಕಳಿಗೆ ನೀಡಬಾರದು.
* ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ತೊಗಟೆ ಸುಲಿಯುವುದು, ಗಿಡ ಕಡಿಯುವುದು ಕರ್ನಾಟಕ ಅರಣ್ಯ ಅಧಿನಿಯಮ, 1963ರ ಪ್ರಕಾರ ಅಪರಾಧವಾಗುತ್ತದೆ.