ತೋಟದ ಜ್ವರದ ಖರ್ಚು ಯಾರ ಲೆಕ್ಕಕ್ಕೆ?

ಕಾಫಿ ಕೊಯ್ಲಿಗೆ ಮೂಡಿಗೆರೆ, ಕಳಸದ ಕಡೆಯ ತೋಟಗಳಿಗೆ ಘಟ್ಟದ ಕೆಳಗಿನಿಂದಲೂ ಬಯಲುಸೀಮೆಯಿಂದಲೂ ಆಳುಗಳು ಬರುತ್ತಿದ್ದುದು ಹಳೆಯ ಮಾತು. ಈಗ ಅಸ್ಸಾಮಿನಿಂದಲೂ ಬರುತ್ತಾರೆ. ಬಂದವರು ತೋಟದ ಲೈನ್ ಮನೆಗಳಲ್ಲಿ ಇಳಿದುಕೊಳ್ಳುತ್ತಾರೆ. ಕೊಯ್ಲಿನ ನಡುವೆ ಒಬ್ಬಾಕೆ ಜ್ವರ ಬಂದು ಮಲಗಿದರೆ ಡಾಕ್ಟರಿಗೆ ಹಣ ಕೊಡಬೇಕಾದವರು ಯಾರು? ತೋಟದ ಮಾಲೀಕರೇ, ಸರ್ಕಾರವೇ, ಅಥವಾ ಮಲಗಿದ ಆಕೆಯೇ? ದೇಶದ ಆರೋಗ್ಯ ವೆಚ್ಚದ ಬಗೆಗಿನ ದೊಡ್ಡ ಚರ್ಚೆಯೆಲ್ಲ ಕೊನೆಗೆ ಬಂದು ನಿಲ್ಲುವುದು ಈ ಪ್ರಶ್ನೆಯ ಮುಂದೆಯೇ. ಕಾಫಿ ಗುಡ್ಡಗಳು ಇದಕ್ಕೆ ಮೂರೂ ಉತ್ತರಗಳನ್ನು ಕಂಡಿವೆ.

ಮೊದಲು ಚಳಿಜ್ವರದ ಕಥೆ. ಮಲೆನಾಡಿನ ಮಲೇರಿಯಾ ಕೊಳಚೆ ನೀರಿನ ರೋಗವಾಗಿರಲಿಲ್ಲ. ಅದನ್ನು ಹರಡುತ್ತಿದ್ದ ಅನಾಫಿಲಿಸ್ ಫ್ಲುವಿಯಾಟಿಲಿಸ್ ಎಂಬ ಸೊಳ್ಳೆ ಮೊಟ್ಟೆ ಇಡುವುದು ಅಂಚಿನಲ್ಲಿ ಹುಲ್ಲು ಬೆಳೆದ, ನಿಧಾನವಾಗಿ ಹರಿಯುವ ತಿಳಿನೀರಿನ ಹಳ್ಳಗಳಲ್ಲಿ. ಮಾಲೀಕರು ತಮ್ಮ ಆಳುಗಳಿಗೆ ಕ್ವಿನೈನ್ ನುಂಗಿಸಬಹುದಿತ್ತು. ಆದರೆ ಹಳ್ಳ ಒಬ್ಬರ ತೋಟದಲ್ಲಿ ಹುಟ್ಟಿ ಇನ್ನೊಬ್ಬರ ಗದ್ದೆಗೆ ಇಳಿಯುತ್ತದೆ, ಸೊಳ್ಳೆಗೆ ಬೇಲಿಯ ಗುರುತಿಲ್ಲ. ಒಬ್ಬರು ಎಷ್ಟೇ ಖರ್ಚು ಮಾಡಿದರೂ ಪಕ್ಕದವರು ಸುಮ್ಮನಿದ್ದರೆ ಜ್ವರ ಮರಳಿ ಬರುತ್ತಿತ್ತು. 1930ರ ಆಸುಪಾಸಿನಲ್ಲಿ ಮೈಸೂರು ಸರ್ಕಾರ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನ ನಡೆಸಿದ ಕೇಂದ್ರಗಳಲ್ಲಿ ಮೂಡಿಗೆರೆಯೂ ಒಂದು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂತು. ಬಂಗಲೆ, ಲೈನ್, ಹಳ್ಳಿಮನೆ ಎಂಬ ಭೇದವಿಲ್ಲದೆ ಗೋಡೆಗಳಿಗೆ ಡಿ.ಡಿ.ಟಿ. ಹೊಡೆದ ಮೇಲೆ ಜ್ವರ ಹಿಮ್ಮೆಟ್ಟಿತು. ಯಾವ ತೋಟದ ಲೆಕ್ಕದ ಪುಸ್ತಕದಲ್ಲೂ ಹಿಡಿಯದ ಖರ್ಚು ಅದು. ಬೊಕ್ಕಸವೇ ಅದನ್ನು ಹೊರಬೇಕಾಯಿತು.

ಆದರೆ ಮುರಿದ ಕಾಲು, ಹೆರಿಗೆ, ಹಾವು ಕಡಿತ? ಇವುಗಳ ಭಾರವನ್ನು ಕಾನೂನು ಮಾಲೀಕರ ಹೆಗಲಿಗೆ ಹಾಕಿತು. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಯ 10ನೇ ಕಲಮಿನಂತೆ ಕಾರ್ಮಿಕರಿಗೂ ಅವರ ಮನೆಯವರಿಗೂ ವೈದ್ಯಕೀಯ ಸೌಲಭ್ಯ ಒದಗಿಸುವುದು ಮಾಲೀಕರ ಹೊಣೆ. ಒದಗಿಸದಿದ್ದರೆ ಸರ್ಕಾರದ ಮುಖ್ಯ ಇನ್‌ಸ್ಪೆಕ್ಟರೇ ಏರ್ಪಾಡು ಮಾಡಿಸಿ ಖರ್ಚನ್ನು ಮಾಲೀಕರಿಂದ ವಸೂಲು ಮಾಡಬಹುದಿತ್ತು. ಹಣ ಖಾಸಗಿಯದು, ಒತ್ತಾಯ ಸರ್ಕಾರದ್ದು. ತೋಟದ ಆಸ್ಪತ್ರೆ, ಔಷಧಾಲಯಗಳಿಗೆ ಕಾನೂನಿನ ಬುನಾದಿ ಇದೇ.

ಈ ಏರ್ಪಾಡಿನಲ್ಲಿ ಎರಡು ತೂತುಗಳಿದ್ದವು. ಕಾಯ್ದೆ ಮೊದಲು ಅನ್ವಯವಾದದ್ದು 25 ಎಕರೆ ಮತ್ತು 30 ಆಳುಗಳಿರುವ ತೋಟಗಳಿಗೆ. 1981ರ ತಿದ್ದುಪಡಿ ಅದನ್ನು 5 ಹೆಕ್ಟೇರ್ ಮತ್ತು 15 ಆಳುಗಳಿಗೆ ಇಳಿಸಿತು. ಕರ್ನಾಟಕದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಸಣ್ಣವು. ನಾಲ್ಕೆಕರೆಯ ಬೆಳೆಗಾರರ ಬಳಿ ಆಸ್ಪತ್ರೆ ಕೇಳುವುದೂ ನ್ಯಾಯವಲ್ಲ. ಕೊಯ್ಲಿನ ಹೊತ್ತಿಗೆ ಅವರೂ ಸಾಲದಲ್ಲಿರುತ್ತಾರೆ. ಎರಡನೆಯದು ಕಾಫಿಯ ಬೆಲೆ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿತ್ತು. 2001ರ ಸುಮಾರಿಗೆ ಜಗತ್ತಿನ ಮಾರುಕಟ್ಟೆಯಲ್ಲಿ ಕಾಫಿ ದರ ಪಾತಾಳ ಕಂಡಿತು. ಬ್ರೆಜಿಲ್‌ನಲ್ಲಿ ಬೆಳೆ ಹೆಚ್ಚಾದರೆ ಕಳಸದಲ್ಲಿ ಔಷಧದ ಬೀರು ಬರಿದಾಗುವ ಏರ್ಪಾಡನ್ನು ಭದ್ರವೆನ್ನಲಾಗದು.

ಹೀಗೆ ಎರಡೂ ಕಡೆ ಸಿಗದವರಿಗೆ ಉಳಿಯುವುದು ಸ್ವಂತ ಜೇಬು. 1946ರಲ್ಲೇ ಭೋರ್ ಸಮಿತಿ, ಹಣವಿಲ್ಲವೆಂದು ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂದು ಹೇಳಿತ್ತು. ಆದರೂ ಕೇಂದ್ರದ ರಾಷ್ಟ್ರೀಯ ಆರೋಗ್ಯ ಲೆಕ್ಕಗಳ ಪ್ರಕಾರ, 2013-14ರಲ್ಲಿ ದೇಶದಲ್ಲಿ ಆರೋಗ್ಯಕ್ಕೆ ಖರ್ಚಾದ ಪ್ರತಿ 100 ರೂಪಾಯಿಯಲ್ಲಿ 64 ರೂಪಾಯಿ ಜನರು ನೇರವಾಗಿ ಜೇಬಿನಿಂದ ತೆತ್ತದ್ದು. 2021-22ಕ್ಕೆ ಅದು 39ಕ್ಕೆ ಇಳಿದು, ಸರ್ಕಾರದ ಪಾಲು 29ರಿಂದ 48ಕ್ಕೆ ಏರಿತು. ಇಳಿಕೆ ಸಣ್ಣದಲ್ಲ. ಆದರೆ ಆ ವರ್ಷ ಸರ್ಕಾರದ ವೆಚ್ಚ ದೇಶದ ಒಟ್ಟು ಉತ್ಪನ್ನದ ಶೇ 1.84 ಮಾತ್ರ. 2025ರೊಳಗೆ ಶೇ 2.5 ತಲುಪಬೇಕೆಂದು 2017ರ ಆರೋಗ್ಯ ನೀತಿ ಗುರಿ ಇಟ್ಟಿತ್ತು.

ಸರ್ಕಾರದ ಹಣವೆಂದರೆ ಸರ್ಕಾರಿ ಆಸ್ಪತ್ರೆಯೆಂದೇ ಅರ್ಥವಲ್ಲ. 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯುಂಟು. ಸರ್ಕಾರಿ ಆಸ್ಪತ್ರೆಯಲ್ಲಿ ಆಗದ್ದನ್ನು ಅಲ್ಲಿಂದ ಚೀಟಿ ತಂದು ಖಾಸಗಿ ಆಸ್ಪತ್ರೆಯಲ್ಲಿ ಮಾಡಿಸಿಕೊಳ್ಳಬಹುದು, ಬಿಲ್ಲು ಸರ್ಕಾರದ್ದು. ಇದು ಹಲವು ಮನೆಗಳನ್ನು ಸಾಲದಿಂದ ಉಳಿಸುವಂಥದ್ದು. ಆದರೆ ಇದರ ಆಸರೆ ಮುಖ್ಯವಾಗಿ ಆಸ್ಪತ್ರೆ ಸೇರಿದವರಿಗೆ. ತಿಂಗಳ ಸಕ್ಕರೆ ಕಾಯಿಲೆಯ ಮಾತ್ರೆ, ಕಳೆದುಕೊಂಡ ದಿನಗೂಲಿ, ಜೊತೆಗೆ ಹೋದವರ ಊಟ ಇದರ ಲೆಕ್ಕಕ್ಕೆ ಬರುವುದಿಲ್ಲ. ಕಳಸದಿಂದ ಮಂಗಳೂರಿಗೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಮೂಡಿಗೆರೆಯವರಿಗೆ ಕರಾವಳಿಯ ಆಸ್ಪತ್ರೆಗಳಿಗೆ ಇರುವ ಚಾರ್ಮಾಡಿ ಘಾಟಿ 2019ರ ಆಗಸ್ಟ್ ಮಳೆಗೆ ಗುಡ್ಡ ಕುಸಿದು ಬಂದ್ ಆಗಿತ್ತು. ಅಂಥ ದಿನ ಬೇಕಾದದ್ದು ವಿಮೆಯ ಕಾರ್ಡಲ್ಲ, ಹತ್ತಿರದ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರು.

2020ರ ಕಾರ್ಮಿಕ ಸಂಹಿತೆಗಳು ಹಳೆಯ ಪ್ಲಾಂಟೇಷನ್ ಕಾಯ್ದೆಯನ್ನು ತಮ್ಮೊಳಗೆ ಸೇರಿಸಿಕೊಂಡಿವೆ. ಮಾಲೀಕರು ಬಯಸಿದರೆ ತೋಟವನ್ನು ಇ.ಎಸ್.ಐ. ವಿಮೆಗೆ ಒಳಪಡಿಸಬಹುದು ಎಂಬುದು ಅದರಲ್ಲಿನ ಹೊಸ ಅಂಶ. 2019ರಲ್ಲಿ ನಿಗದಿಯಾದ ಇ.ಎಸ್.ಐ. ದರದಂತೆ ಮಾಲೀಕರ ಪಾಲು ಸಂಬಳದ ಶೇ 3.25, ಕಾರ್ಮಿಕರದು ಶೇ 0.75. ಬಯಸಿದರೆ ಎಂಬ ಮಾತಿನ ತೀರ್ಮಾನ ಮಾಲೀಕರದು, ಕೊಯ್ಲು ಮುಗಿಸಿ ಊರಿಗೆ ಹೊರಡುವ ಆಕೆಯದಲ್ಲ.