ಗಾಳಿ ಕುಣಿಸುವ ಗೊಂಬೆ ಬ್ಯಾಂಡು

ಗೊರಿಲ್ಲಾ ಕಣ್ಣು ಮಿಟುಕಿಸುತ್ತಾ ಕೀಬೋರ್ಡ್ ನುಡಿಸುತ್ತದೆ. ಹಿಂದೆ ಕೂತ ನಾಯಿ ಡ್ರಮ್ ಬಾರಿಸುತ್ತದೆ. ಹಿಮಕರಡಿಯ ಕೈಯಲ್ಲಿ ಗಿಟಾರು. ಪಕ್ಕದ ವೇದಿಕೆಯಲ್ಲಿ ತೋಳವೊಂದು ತನ್ನದೇ ಕೈಗೊಂಬೆಯ ಜೊತೆ ಜಗಳಕ್ಕೆ ನಿಂತಿದೆ. ಎದುರಿನ ಉದ್ದ ಮೇಜುಗಳಲ್ಲಿ ಮಕ್ಕಳು, ಅಪ್ಪ ಅಮ್ಮಂದಿರು, ಪಿಜ್ಜಾ. 1980ರ ದಶಕದ ಅಮೆರಿಕದಲ್ಲಿ ಎಷ್ಟೋ ಮಕ್ಕಳ ಹುಟ್ಟುಹಬ್ಬ ನಡೆದದ್ದು ಇಂಥ ಯಂತ್ರಗೊಂಬೆಗಳ ಮುಂದೆ. ಅಲ್ಲಿ ಇವುಗಳಿಗೆ ಅನಿಮೆಟ್ರಾನಿಕ್ಸ್ ಎಂದು ಹೆಸರು. ಹೋಟೆಲ್ ವ್ಯಾಪಾರಕ್ಕೆಂದು ಹುಟ್ಟಿದ ಈ ಗೊಂಬೆಗಳ ಒಳಗೆ ಅಪ್ಪಟ ಕೈಕಸುಬೊಂದು ಅಡಗಿದೆ.

ಕಾಯುವ ಹೊತ್ತಿಗೊಂದು ಆಟ

ಈ ಗೊಂಬೆ-ಪಿಜ್ಜಾ ಮಳಿಗೆಗಳ ಮೂಲಪುರುಷ ನೋಲನ್ ಬುಶ್ನೆಲ್. ‘ಪಾಂಗ್’ ವಿಡಿಯೊ ಗೇಮ್ ತಂದ ಅಟಾರಿ ಕಂಪನಿಯ ಸಹಸ್ಥಾಪಕ. ಆಗ ವಿಡಿಯೊ ಗೇಮ್ ಯಂತ್ರಗಳು ಹೆಚ್ಚಾಗಿ ಇರುತ್ತಿದ್ದುದು ಬಾರುಗಳಲ್ಲಿ, ಬೌಲಿಂಗ್ ಅಂಗಳಗಳಲ್ಲಿ. ಮಕ್ಕಳನ್ನು ಕರೆದುಕೊಂಡು ಸಂಸಾರಸ್ಥರು ಬರುವಂಥ ಜಾಗದಲ್ಲಿ ಅವನ್ನು ಇಡಬೇಕೆಂಬುದು ಬುಶ್ನೆಲ್ ಆಸೆ. ಪಿಜ್ಜಾ ಮಾಡುವುದು ಸುಲಭ, ಆದರೆ ಬೇಯಲು ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಮಕ್ಕಳು ಗೇಮ್ ಆಡಲಿ, ದೊಡ್ಡವರು ಗೊಂಬೆಗಳ ಹಾಡು, ಹಾಸ್ಯ ಕೇಳಲಿ ಎಂಬ ಲೆಕ್ಕಾಚಾರ. ಗೊಂಬೆಗಳ ಯೋಚನೆಗೆ ಪ್ರೇರಣೆ, 1963ರಲ್ಲಿ ಡಿಸ್ನಿಲ್ಯಾಂಡಿನಲ್ಲಿ ಶುರುವಾಗಿದ್ದ ‘ಟಿಕಿ ರೂಮ್’ ಎಂಬ ಹಾಡುವ ಯಂತ್ರಪಕ್ಷಿಗಳ ಪ್ರದರ್ಶನ.

1977ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಮೊದಲ ‘ಪಿಜ್ಜಾ ಟೈಮ್ ಥಿಯೇಟರ್’ ತೆರೆಯಿತು. ಊಟದ ಹಾಲಿನ ಗೋಡೆಯ ಮೇಲೆ ದೊಡ್ಡ ಚಿತ್ರಚೌಕಟ್ಟುಗಳು. ಅವುಗಳೊಳಗಿಂದ ಪಾತ್ರಗಳು ಇಣುಕಿ ಮಾತಾಡುತ್ತಿದ್ದವು. ನಾಯಕ ಚಕ್ ಇ. ಚೀಸ್ ನ್ಯೂಜೆರ್ಸಿಯ ಇಲಿ, ಕೈಯಲ್ಲಿ ಸಿಗಾರು. ಜೊತೆಗೆ ಜಾಸ್ಪರ್ ಎಂಬ ಬೇಟೆನಾಯಿ, ಪಾಸ್ಕ್ವಾಲಿ ಎಂಬ ಇಟಲಿಯ ಬಾಣಸಿಗ. ಆಮೇಲೆ ಬುಶ್ನೆಲ್ ಈ ಉದ್ಯಮವನ್ನು ಅಟಾರಿಯ ಒಡೆತನ ಹೊಂದಿದ್ದ ವಾರ್ನರ್ ಕಂಪನಿಯಿಂದ 5 ಲಕ್ಷ ಡಾಲರಿಗೆ ಕೊಂಡರು.

ಆರ್ಲ್ಯಾಂಡೊದ ಪ್ರತಿಭೆ

ಹೋಟೆಲ್ ಉದ್ಯಮಿ ರಾಬರ್ಟ್ ಬ್ರಾಕ್ 16 ರಾಜ್ಯಗಳಲ್ಲಿ ಪಿಜ್ಜಾ ಟೈಮ್ ಮಳಿಗೆ ತೆರೆಯಲು 1979ರಲ್ಲಿ ಒಪ್ಪಂದ ಮಾಡಿಕೊಂಡಿದ್ದರು. ಅಷ್ಟರಲ್ಲಿ ಫ್ಲಾರಿಡಾದ ಆರ್ಲ್ಯಾಂಡೊದಲ್ಲಿ ಆರನ್ ಫೆಕ್ಟರ್ ಎಂಬ ಯುವಕ ‘ಕ್ರಿಯೇಟಿವ್ ಎಂಜಿನಿಯರಿಂಗ್’ ಕಂಪನಿ ಕಟ್ಟಿ ಇನ್ನೂ ಜೀವಂತಿಕೆಯ ಗೊಂಬೆಗಳನ್ನು ಮಾಡುತ್ತಿರುವುದು ಅವರ ಕಣ್ಣಿಗೆ ಬಿತ್ತು. ಬ್ರಾಕ್ ಹಳೆಯ ಒಪ್ಪಂದ ಮುರಿದು ಫೆಕ್ಟರ್ ಕೈ ಹಿಡಿದರು. 1980ರ ಮಾರ್ಚಿನಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಮೊದಲ ‘ಶೋಬಿಜ್ ಪಿಜ್ಜಾ ಪ್ಲೇಸ್’ ತೆರೆಯಿತು. ಪ್ರಕರಣ ಕೋರ್ಟಿಗೆ ಹೋಗಿ, ಕೊನೆಗೆ ಬ್ರಾಕ್ ಕಂಪನಿ ತನ್ನ ಲಾಭದಲ್ಲಿ ಬುಶ್ನೆಲ್ ಕಂಪನಿಗೂ ಪಾಲು ಕೊಡಬೇಕಾಯಿತು.

ಶೋಬಿಜ್ ವೇದಿಕೆಗೆ ಫೆಕ್ಟರ್ ತಂದ ಬ್ಯಾಂಡಿನ ಹೆಸರು ‘ರಾಕ್-ಅಫೈರ್ ಎಕ್ಸ್‌ಪ್ಲೋಷನ್’. ಮೊದಲಲ್ಲಿ ಹೇಳಿದ ಗೊರಿಲ್ಲಾ, ನಾಯಿ, ಹಿಮಕರಡಿ, ತೋಳ ಈ ತಂಡದವರೇ. ಮಿಟ್ಜಿ ಎಂಬ ಇಲಿಮರಿ ಗಾಯಕಿ. ಬಿಲ್ಲಿ ಬಾಬ್ ಎಂಬ ಹಳ್ಳಿಗಾಡಿನ ಕರಡಿಗೆ ದನಿ ಕೊಟ್ಟವರು ಸ್ವತಃ ಫೆಕ್ಟರ್. ಇವು ಬರೀ ತಲೆಯಾಡಿಸುವ ಬೊಂಬೆಗಳಲ್ಲ. ಮಾತಿನ ನಡುವೆ ಹುಬ್ಬೇರಿಸುತ್ತಿದ್ದವು, ಪಕ್ಕದವನ ಜೋಕಿಗೆ ಅತ್ತ ತಿರುಗಿ ಕಣ್ಣರಳಿಸುತ್ತಿದ್ದವು. ತನ್ನ ಸಾಲು ಇಲ್ಲದಾಗಲೂ ಪಾತ್ರ ಸುಮ್ಮನೆ ಕೂರಬಾರದು ಎಂಬ ರಂಗಭೂಮಿಯ ಪಾಠ ಈ ಲೋಹ, ರಬ್ಬರಿಗೂ ದಾಟಿತ್ತು.

ರೆಪ್ಪೆಗೊಂದು ಕವಾಟ

ಈ ಗೊಂಬೆಗಳನ್ನು ಕುಣಿಸುವುದು ಗಾಳಿ. ಕಂಪ್ರೆಸರಿನಿಂದ ಹೊರಟ ಸಣ್ಣ ನಳಿಕೆಗಳು ಲೋಹದ ಅಸ್ಥಿಪಂಜರದೊಳಗೆ ಹರಡಿ ರೆಪ್ಪೆ, ದವಡೆ, ಮೊಣಕೈಗಳ ಬಳಿಯ ಸಿಲಿಂಡರುಗಳನ್ನು ಸೇರುತ್ತವೆ. ವಿದ್ಯುತ್ ಸಂಕೇತ ಬಂದರೆ ಕವಾಟ ತೆರೆದು ಗಾಳಿ ಪಿಸ್ಟನ್ನನ್ನು ತಳ್ಳುತ್ತದೆ, ರೆಪ್ಪೆ ಮುಚ್ಚುತ್ತದೆ. ಸಂಕೇತ ನಿಂತರೆ ರೆಪ್ಪೆ ತೆರೆಯುತ್ತದೆ. ಸಂಕೇತಗಳು ಬರುತ್ತಿದ್ದುದು ನಾಲ್ಕು ಟ್ರ್ಯಾಕಿನ ಟೇಪಿನಿಂದ: ಎರಡರಲ್ಲಿ ಹಾಡು, ಮಾತು, ಉಳಿದೆರಡರಲ್ಲಿ ಚಲನೆಗಳ ಸಂಕೇತ.

ಕಸುಬು ಇರುವುದು ಆ ಸಂಕೇತಗಳನ್ನು ಬರೆಯುವುದರಲ್ಲಿ. ಪ್ರೋಗ್ರಾಮರ್ ಗುಂಡಿಗಳ ಮುಂದೆ ಕೂತು ಹಾಡು ಹಾಕಿಕೊಂಡು, ಒಮ್ಮೆ ಬಾಯಿಯ ಚಲನೆ ದಾಖಲಿಸುತ್ತಾನೆ. ಮತ್ತೆ ಅದೇ ಹಾಡು, ಈಗ ರೆಪ್ಪೆ. ಮತ್ತೆ ಅದೇ ಹಾಡು, ಈಗ ಕತ್ತು. ಕವಾಟಕ್ಕೆ ಗೊತ್ತಿರುವುದು ತೆರೆಯುವುದು, ಮುಚ್ಚುವುದು ಎರಡೇ. ಬಾಯಿ ಅರ್ಧ ಮಾತ್ರ ತೆರೆಯಬೇಕಾದರೆ ದವಡೆ ಪೂರ್ತಿ ಇಳಿಯುವ ಮೊದಲೇ ಗುಂಡಿಯಿಂದ ಬೆರಳು ತೆಗೆಯಬೇಕು. ಆ ಹದ ಬರುವುದು ಕಿವಿ, ಬೆರಳುಗಳ ಅಭ್ಯಾಸದಿಂದ. ನಮ್ಮ ಸೂತ್ರದ ಗೊಂಬೆಯಾಟದಲ್ಲಿ ಆಡಿಸುವವನ ಬೆರಳು ಆಟದ ಹೊತ್ತಿನಲ್ಲೇ ದಾರ ಎಳೆಯುತ್ತದೆ. ಇಲ್ಲಿ ಆಡಿಸುವವನು ತನ್ನ ಬೆರಳಾಟವನ್ನೆಲ್ಲ ಮೊದಲೇ ಟೇಪಿಗೆ ಒಪ್ಪಿಸಿರುತ್ತಾನೆ. ಯಂತ್ರದ ಕುಣಿತ ಎಂದು ನಾವು ನೋಡುವುದು ನಿಜಕ್ಕೂ ಒಬ್ಬ ಮನುಷ್ಯನ ತಾಳಜ್ಞಾನವನ್ನು.

ಇಷ್ಟಾದ ಮೇಲೂ ದಿನದಿನದ ಆರೈಕೆ ಬೇಕು. ರಬ್ಬರಿನ ಮುಖ ಬಿರುಕು ಬಿಡುತ್ತದೆ, ನಳಿಕೆ ಸೋರುತ್ತದೆ, ರೋಮದ ಹೊದಿಕೆ ಸವೆಯುತ್ತದೆ. ಒಂದು ಕವಾಟ ಹಿಡಿದುಕೊಂಡರೆ ಸಾಕು, ನಗಬೇಕಾದ ಕರಡಿ ಬಾಯಿ ಮುಚ್ಚಿಕೊಂಡೇ ಹಾಡು ಮುಗಿಸುತ್ತದೆ. ಇದನ್ನೆಲ್ಲ ಸರಿಪಡಿಸುವ ತಂತ್ರಜ್ಞರು ಈ ಕಲೆಯ ಅರ್ಧ ಪಾಲುದಾರರು.

ಮುಖವಾಡ ಬದಲಾಯಿತು

1983ರಲ್ಲಿ ವಿಡಿಯೊ ಗೇಮ್ ಉದ್ಯಮ ಕುಸಿಯಿತು. ಮರುವರ್ಷ ಪಿಜ್ಜಾ ಟೈಮ್ ದಿವಾಳಿ ಅರ್ಜಿ ಹಾಕಿತು. ಅದನ್ನು ಕೊಂಡದ್ದು ಪ್ರತಿಸ್ಪರ್ಧಿ ಶೋಬಿಜ್. ಆದರೆ ತನ್ನ ಪಾತ್ರಗಳ ಹಕ್ಕು ಬಿಟ್ಟುಕೊಡಲು ಫೆಕ್ಟರ್ ಒಪ್ಪಲಿಲ್ಲ. 1990ರ ಆಸುಪಾಸಿನಲ್ಲಿ ಕಂಪನಿ ರಾಕ್-ಅಫೈರ್ ಗೊಂಬೆಗಳ ಮುಖ, ಉಡುಪು ಕಳಚಿ, ಅದೇ ಅಸ್ಥಿಪಂಜರಗಳಿಗೆ ಚಕ್ ಇ. ಚೀಸ್ ಬಳಗದ ವೇಷ ತೊಡಿಸಿತು. ಗೊರಿಲ್ಲಾ ಇದ್ದ ಜಾಗದಲ್ಲಿ ಮಿಸ್ಟರ್ ಮಂಚ್ ಎಂಬ ನೇರಳೆ ಬಣ್ಣದ ಜೀವಿ ಬಂತು. ಆ ಗೊಂಬೆಗಳನ್ನು ನೋಡಿ ಬೆಳೆದವರಿಗೆ ಅದು ಗೆಳೆಯರನ್ನು ಕಳೆದುಕೊಂಡ ನೋವು. ಅವರಲ್ಲೇ ಕೆಲವರು ದೊಡ್ಡವರಾಗಿ, ಹಳೆಯ ಗೊಂಬೆಗಳನ್ನು ಹುಡುಕಿ ಕೊಂಡು, ರಿಪೇರಿ ಮಾಡಿ, ಹೊಸ ಹಾಡುಗಳಿಗೆ ಕುಣಿಸಿದರು. ಈ ಅಭಿಮಾನದ ಕುರಿತೇ 2008ರಲ್ಲಿ ಸಾಕ್ಷ್ಯಚಿತ್ರವೊಂದು ಬಂತು. 2014ರ ‘ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್’ ಎಂಬ ಭಯಾನಕ ಗೇಮ್, ಇಂಥ ಗೊಂಬೆಗಳನ್ನು ಕಂಡೇ ಇರದ ತಲೆಮಾರಿಗೂ ಅವನ್ನು ಪರಿಚಯಿಸಿತು.

ಚಕ್ ಇ. ಚೀಸ್ ಎಂದೇ ಹೆಸರಾದ ಶೋಬಿಜ್ ಕಂಪನಿ 2017ರಿಂದ ಗೊಂಬೆಗಳ ಜಾಗದಲ್ಲಿ ಬೆಳಕಿನ ನೃತ್ಯಾಂಗಣ, ಪರದೆಗಳನ್ನು ತರತೊಡಗಿತು. 2024ರಲ್ಲಿ, ಅಭಿಮಾನಿಗಳ ಒತ್ತಾಸೆಯ ನಡುವೆ, ಕ್ಯಾಲಿಫೋರ್ನಿಯಾದ ನಾರ್ತ್‌ರಿಜ್ ಸೇರಿದಂತೆ ಐದು ಮಳಿಗೆಗಳಲ್ಲಿ ಬ್ಯಾಂಡನ್ನು ಉಳಿಸಿಕೊಳ್ಳುವುದಾಗಿ ಹೇಳಿತು.

ಉಳಿಸುವುದೆಂದರೆ ಇಲ್ಲಿ ಆಡಿಸುತ್ತಲೇ ಇರುವುದು. ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಉಳಿಯುವುದು ರೋಮ, ರಬ್ಬರು ಮಾತ್ರ. ಪ್ರೋಗ್ರಾಮರನ ತಾಳ ಕಾಣುವುದು ಗಾಳಿ ಹರಿದಾಗಲೇ. ಆದ್ದರಿಂದ ಆ ಐದು ವೇದಿಕೆಗಳಿಗೆ ಪ್ರೇಕ್ಷಕರಷ್ಟೇ ಅಗತ್ಯವಾಗಿ ಬೇಕಾದವರು ಕವಾಟ ಬಿಚ್ಚಿ ಜೋಡಿಸಬಲ್ಲವರು, ಅವರ ಪಕ್ಕದಲ್ಲಿ ನಿಂತು ಕಲಿಯುವ ಕಿರಿಯರು. ಹಳೆಯ ಗೊಂಬೆಗಳನ್ನು ಮನೆಯಲ್ಲೇ ರಿಪೇರಿ ಮಾಡಿ ಕುಣಿಸಿದ ಅಭಿಮಾನಿಗಳು ಆ ಕಲಿಕೆ ಸಾಧ್ಯವೆಂದು ಆಗಲೇ ತೋರಿಸಿಕೊಟ್ಟಿದ್ದಾರೆ.