ಅವರು ಹತ್ತು, ಇವರು ಹತ್ತು

ಚೀನಾದ ಹುನಾನ್ ಪ್ರಾಂತ್ಯದ ರಾಜಧಾನಿ ಚಾಂಗ್‌ಶಾ. ಅಲ್ಲಿನ ಶಿಯಾಂಗ್ಯಾ ಆಸ್ಪತ್ರೆಯ ಹೆಸರು ಕೇಳದ ಚೀನೀಯರು ಕಡಿಮೆ. ವೈದ್ಯ ಶಿಕ್ಷಣವೆಂದರೆ ಉತ್ತರಕ್ಕೆ ಬೀಜಿಂಗ್‌ನ ಯೂನಿಯನ್ ಕಾಲೇಜು, ದಕ್ಷಿಣಕ್ಕೆ ಶಿಯಾಂಗ್ಯಾ ಎಂಬ ಮಾತು ಅಲ್ಲಿ ರೂಢಿಯಲ್ಲಿದೆ. ಆಸ್ಪತ್ರೆಯ ಹೆಸರಿನ ಅರ್ಧ ಭಾಗ ಹುನಾನ್‌ನ ನದಿ ಶಿಯಾಂಗ್‌ನದು, ಇನ್ನರ್ಧ ‘ಯಾಲಿ’ಯದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಹೆಸರು ಚೀನೀ ಬಾಯಲ್ಲಿ ಯಾಲಿ ಆಗಿತ್ತು. ಚಾಂಗ್‌ಶಾದ ಈ ಆಸ್ಪತ್ರೆ, ಅದರ ಜೊತೆಗೇ ಹುಟ್ಟಿದ ಯಾಲಿ ಶಾಲೆ, ಅಮೆರಿಕದ ನ್ಯೂ ಹೇವನ್ ಪಟ್ಟಣದಲ್ಲಿ ಕಚೇರಿ ಇರುವ ಯೇಲ್-ಚೈನಾ ಅಸೋಸಿಯೇಷನ್, ಈ ಮೂರೂ ಸೇರಿದ ಕಥೆಗೆ ಈಗ ನೂರಿಪ್ಪತ್ತು ವರ್ಷ ದಾಟಿದೆ. ಎರಡು ದೇಶಗಳು ಒಂದನ್ನೊಂದು ಅನುಮಾನದಿಂದ ನೋಡುತ್ತಿರುವ ಈ ಹೊತ್ತಿನಲ್ಲಿ ಆ ಕಥೆಯನ್ನು ವಿವರವಾಗಿ ಹೇಳಬೇಕೆನಿಸುತ್ತದೆ.

ಅದು ಶುರುವಾದದ್ದು ಸ್ನೇಹದ ವಾತಾವರಣದಲ್ಲಿ ಅಲ್ಲ. 1900ರಲ್ಲಿ ವಿದೇಶಿಯರ ವಿರುದ್ಧ ಎದ್ದ ಬಾಕ್ಸರ್ ದಂಗೆಯಲ್ಲಿ ಯೇಲ್‌ನಲ್ಲಿ ಓದಿದ್ದ ಹೊರೇಸ್ ಪಿಟ್ಕಿನ್ ಎಂಬ ಪಾದ್ರಿ ಬಾವೋಡಿಂಗ್‌ನಲ್ಲಿ ಕೊಲೆಯಾದರು. ದಂಗೆ ಅಡಗಿಸಲು ಬಂದ ವಿದೇಶಿ ಸೇನೆಗಳು ಬೀಜಿಂಗ್ ನಗರವನ್ನು ಲೂಟಿ ಮಾಡಿದವು, ಚೀನಾದ ತಲೆಯ ಮೇಲೆ ಭಾರಿ ದಂಡ ಹೇರಲಾಯಿತು. ಮರುವರ್ಷ, 1901ರಲ್ಲಿ, ಯೇಲ್‌ನ ಹಳೆಯ ವಿದ್ಯಾರ್ಥಿಗಳು ಚೀನಾದಲ್ಲಿ ಕೆಲಸ ಮಾಡಲೆಂದು ಒಂದು ಮಿಷನರಿ ಸಂಘ ಕಟ್ಟಿದರು. ಅವರು ಆರಿಸಿಕೊಂಡ ಚಾಂಗ್‌ಶಾ ಪರದೇಶಿಗಳನ್ನು ಕಂಡರೆ ಸಿಡಿಯುವ ಊರು. ವಿದೇಶಿ ವ್ಯಾಪಾರಕ್ಕೆ ಅದರ ಬಾಗಿಲು ತೆರೆದದ್ದೇ 1904ರಲ್ಲಿ.

ಆ ಊರಿಗೆ ಬಂದ ಮೊದಲ ವೈದ್ಯ ಎಡ್ವರ್ಡ್ ಹ್ಯೂಮ್ ನಮ್ಮ ನೆಲದಲ್ಲಿ ಹುಟ್ಟಿದವರು. ಮಿಷನರಿ ತಂದೆ-ತಾಯಿಯ ಮಗನಾಗಿ 1876ರಲ್ಲಿ ಮಹಾರಾಷ್ಟ್ರದ ಅಹಮದ್‌ನಗರದಲ್ಲಿ ಜನಿಸಿ, ಯೇಲ್ ಮತ್ತು ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಓದಿ, ಮುಂಬೈಗೆ ಮರಳಿ ಪ್ಲೇಗ್ ಕೆಲಸದಲ್ಲಿ ತೊಡಗಿದ್ದರು. ಬೆಂಗಳೂರು, ಮೈಸೂರುಗಳನ್ನೂ ನಡುಗಿಸಿದ ಅದೇ ಪ್ಲೇಗ್. ಜೀವನವೆಲ್ಲ ಭಾರತದಲ್ಲೇ ಎಂದುಕೊಂಡಿದ್ದ ಅವರನ್ನು ಯೇಲ್‌ನ ಗೆಳೆಯರು ಚೀನಾಕ್ಕೆ ಒಲಿಸಿದರು. 1906ರಲ್ಲಿ ಚಾಂಗ್‌ಶಾದ ಶಿಪಾಯ್‌ಲೋ ಬೀದಿಯ ಒಂದು ಹಳೆಯ ವಸತಿಗೃಹವನ್ನು ಕೊಂಡು ಅಲ್ಲಿಯೇ ಆಸ್ಪತ್ರೆ ತೆರೆದರು. ಅದೇ ವರ್ಷ ಯಾಲಿ ಶಾಲೆಯೂ ಆರಂಭವಾಯಿತು.

ಹ್ಯೂಮ್ ಮುಂದೆ ಬರೆದ ನೆನಪುಗಳ ಪುಸ್ತಕದಲ್ಲಿ ಒಂದು ಪ್ರಸಂಗವಿದೆ. ಹಿರಿಯ ಅಧಿಕಾರಿಯೊಬ್ಬರು ರೋಗಿಯಾಗಿ ಬಂದರು. ಹ್ಯೂಮ್ ಒಂದು ಕೈಯ ನಾಡಿ ಹಿಡಿದು ನೋಡಿ ಬಿಟ್ಟರು. ಅಧಿಕಾರಿ ಸಿಟ್ಟಾಗಿ ಎದ್ದು ಹೋದರು. ಚೀನೀ ವೈದ್ಯದಲ್ಲಿ ಎರಡೂ ಮಣಿಕಟ್ಟಿನ ನಾಡಿ ನೋಡಬೇಕು, ಒಂದೊಂದು ಕೈ ದೇಹದ ಬೇರೆ ಬೇರೆ ಅಂಗದ ಸುದ್ದಿ ಹೇಳುತ್ತದೆ. ಅದು ಗೊತ್ತಿಲ್ಲದವನು ಎಂಥ ವೈದ್ಯ? ಹ್ಯೂಮ್ ಆ ಮೇಲೆ ಚೀನೀ ವೈದ್ಯರ ಬಳಿ ಕುಳಿತು ಅವರ ಪದ್ಧತಿಯನ್ನು ಗೌರವದಿಂದ ಅರಿತುಕೊಳ್ಳಲು ಯತ್ನಿಸಿದರು. ಕಲಿಸಲು ಹೋದವರು ಕಲಿಯಲು ಕುಳಿತದ್ದರಿಂದಲೇ ಊರು ಅವರ ಮೇಲೆ ನಂಬಿಕೆ ಇಟ್ಟಿತು ಎಂಬುದು ನನ್ನ ಎಣಿಕೆ.

ಆದರೆ ಈ ಕಥೆಯ ನಿಜವಾದ ನಾಯಕರು ಯಾನ್ ಫುಚಿಂಗ್. ಶಾಂಘೈನಲ್ಲಿ 1882ರಲ್ಲಿ ಹುಟ್ಟಿದ ಯಾನ್, ಓದು ಮುಗಿಸಿ ದಕ್ಷಿಣ ಆಫ್ರಿಕಾದ ಗಣಿಗಳಿಗೆ ಹೋದರು. ಅಲ್ಲಿ ದುಡಿಯುತ್ತಿದ್ದ ಚೀನೀ ಕೂಲಿಗಳಿಗೆ ಔಷಧ ಕೊಡುವುದು ಅವರ ಕೆಲಸ. ಅಲ್ಲಿಂದ ಯೇಲ್‌ಗೆ ಹೋಗಿ 1909ರಲ್ಲಿ ವೈದ್ಯ ಪದವಿ ಪಡೆದು, 1910ರಲ್ಲಿ ಚಾಂಗ್‌ಶಾಗೆ ಬಂದರು. ಅದೇ ವರ್ಷ ಊರಿನಲ್ಲಿ ಅಕ್ಕಿ ಬೆಲೆ ಏರಿ ದಂಗೆ ಎದ್ದಿತ್ತು, ವಿದೇಶಿಯರ ಕಟ್ಟಡಗಳಿಗೆ ಬೆಂಕಿ ಬಿದ್ದಿತ್ತು. ಮರುವರ್ಷ ಕ್ರಾಂತಿಯಾಗಿ ಚಕ್ರಾಧಿಪತ್ಯವೇ ಉರುಳಿತು. ಹೊಸ ಗವರ್ನರ್ ಟಾನ್ ಯಾನ್‌ಕೈ ಅವರ ತಾಯಿ ಕಾಯಿಲೆ ಬಿದ್ದಾಗ ಯಾನ್ ಚಿಕಿತ್ಸೆ ಕೊಟ್ಟು ಗುಣಪಡಿಸಿದರು. ಅಲ್ಲಿಂದ ಗವರ್ನರ್ ಈ ಆಸ್ಪತ್ರೆಯ ಬೆನ್ನಿಗೆ ನಿಂತರು.

ಮುಂದಿನ ಹೆಜ್ಜೆಯೇ ನನಗೆ ಬಹಳ ದೊಡ್ಡದಾಗಿ ಕಾಣುವುದು. ಪ್ರಾಂತ್ಯದ ಸರ್ಕಾರ ಯೇಲ್ ಸಂಘದೊಡನೆ ಒಪ್ಪಂದಕ್ಕೆ ಮುಂದಾದಾಗ, ಪ್ರಾಂತ್ಯವೊಂದು ಪರದೇಶಿಗಳ ಜೊತೆ ನೇರ ಕರಾರು ಮಾಡಿಕೊಳ್ಳುವಂತಿಲ್ಲ ಎಂದು ಬೀಜಿಂಗ್ ತಡೆಯಿತು. ಚಾಂಗ್‌ಶಾದ ಗಣ್ಯರು ಸುಮ್ಮನಾಗಲಿಲ್ಲ, ಯುಚುನ್ ಎಂಬ ನಾಗರಿಕ ಸಂಘ ಕಟ್ಟಿದರು. 1914ರಲ್ಲಿ ಆ ಸಂಘ ಮತ್ತು ಯೇಲ್ ಸಂಘ ಹತ್ತು ವರ್ಷದ ಕರಾರಿಗೆ ಸಹಿ ಹಾಕಿದವು. ಆಡಳಿತ ಮಂಡಳಿಯಲ್ಲಿ ಇಪ್ಪತ್ತು ಜನ: ಹತ್ತು ಚೀನೀ ಕಡೆಯವರು, ಹತ್ತು ಅಮೆರಿಕದ ಕಡೆಯವರು. ಆಸ್ಪತ್ರೆ ಕಟ್ಟುವುದು, ವಿದೇಶಿ ವೈದ್ಯರಿಗೆ ಸಂಬಳ ಕೊಡುವುದು ಯೇಲ್ ಪಾಲು. ನಡೆಸುವ ಖರ್ಚಿಗೆ ವರ್ಷ ವರ್ಷವೂ ಹಣ ಕೊಡುವುದು ಹುನಾನ್ ಪಾಲು. ಶಿಯಾಂಗ್ಯಾ ವೈದ್ಯ ಕಾಲೇಜು ಹುಟ್ಟಿತು. ಅದರ ಮುಖ್ಯಸ್ಥರಾಗಿ ಯಾನ್ ನೇಮಕಗೊಂಡರು.

ಅಂದಿನ ಚೀನಾದಲ್ಲಿ ಮಿಷನರಿ ಆಸ್ಪತ್ರೆ, ಶಾಲೆಗಳು ನೂರಾರಿದ್ದವು. ಹೆಚ್ಚಿನವುಗಳ ಕೀಲಿಕೈ ಕೊಟ್ಟವರ ಜೇಬಿನಲ್ಲೇ ಇರುತ್ತಿತ್ತು. ಇಲ್ಲಿ ಮಾತ್ರ ಇಬ್ಬರೂ ಹಣ ಹಾಕಿದರು, ಇಬ್ಬರೂ ಸಮನಾಗಿ ಕೂತರು. ಅಮೆರಿಕದ ಶ್ರೀಮಂತ ಎಡ್ವರ್ಡ್ ಹಾರ್ಕ್‌ನೆಸ್ ಕೊಟ್ಟ ಹಣದಿಂದ ಉತ್ತರ ದ್ವಾರದ ಹೊರಗೆ ಎದ್ದ ಕೆಂಪು ಇಟ್ಟಿಗೆಯ ಆಸ್ಪತ್ರೆ ಇಂದಿಗೂ ಬಹುಮಹಡಿ ಕಟ್ಟಡಗಳ ನಡುವೆ ನಿಂತಿದೆ. ನೀನಾ ಗೇಜ್ ಎಂಬ ಅಮೆರಿಕದ ದಾದಿ 1911ರಲ್ಲೇ ಅಲ್ಲಿ ನರ್ಸಿಂಗ್ ಶಾಲೆ ಆರಂಭಿಸಿದ್ದರು. ಚಾಂಗ್‌ಶಾದಲ್ಲಿ ದುಡಿಯುತ್ತಿದ್ದ ಈ ಹೆಣ್ಣುಮಗಳು 1925ರಲ್ಲಿ ಅಂತರರಾಷ್ಟ್ರೀಯ ದಾದಿಯರ ಮಂಡಳಿಯ ಅಧ್ಯಕ್ಷೆಯಾದರು. ಶಿಯಾಂಗ್ಯಾದ 1921ರ ಮೊದಲ ತಂಡದಲ್ಲಿ ಹೊರಬಂದವರಲ್ಲಿ ಟಾಂಗ್ ಫೇಫಾನ್ ಒಬ್ಬರು. ಲಕ್ಷಾಂತರ ಜನರ ಕಣ್ಣು ಕಳೆಯುತ್ತಿದ್ದ ಟ್ರಕೋಮ ರೋಗದ ಸೂಕ್ಷ್ಮಾಣುವನ್ನು 1950ರ ದಶಕದಲ್ಲಿ ಪ್ರಯೋಗಾಲಯದಲ್ಲಿ ಬೇರ್ಪಡಿಸಿದವರು ಅವರೇ.

ಇನ್ನೊಬ್ಬ ಯುವಕನೂ ಈ ಆವರಣದ ಸುತ್ತ ಓಡಾಡುತ್ತಿದ್ದ. ಶಿಯಾಂಗ್ಯಾ ವಿದ್ಯಾರ್ಥಿಗಳ ‘ಹೊಸ ಹುನಾನ್’ ಪತ್ರಿಕೆಯನ್ನು 1919ರಲ್ಲಿ ಕೆಲಕಾಲ ಸಂಪಾದಿಸಿದ. ಮರುವರ್ಷ ಪುಸ್ತಕದಂಗಡಿ ತೆರೆಯಲು ಕಾಲೇಜಿನಿಂದಲೇ ಕೋಣೆಗಳನ್ನು ಬಾಡಿಗೆಗೆ ಪಡೆದ. ಅವನ ಮೊದಲ ಮಗ ಹುಟ್ಟಿದ್ದೂ 1922ರಲ್ಲಿ ಇದೇ ಆಸ್ಪತ್ರೆಯಲ್ಲಿ. ಆ ಯುವಕ ಮಾವೋ ಝೆಡಾಂಗ್.

1926-27ರಲ್ಲಿ ವಿದೇಶಿ ವಿರೋಧಿ ಅಲೆ ಹುನಾನ್ ಮೇಲೆ ಬಂದಾಗ ಹ್ಯೂಮ್ ರಾಜೀನಾಮೆ ಕೊಟ್ಟರು, ಅಮೆರಿಕನ್ನರು ಊರು ಬಿಟ್ಟರು. ಅಮೆರಿಕದ ಪದವಿ ಪಡೆದಿದ್ದ ಯಾನ್ ಕೂಡ ಹೊರಟು, ಶಾಂಘೈನಲ್ಲಿ ಇನ್ನೊಂದು ವೈದ್ಯ ಕಾಲೇಜು ಕಟ್ಟಿದರು. ಈ ಜೊತೆಗಾರಿಕೆ ಇಲ್ಲಿಗೆ ಮುಗಿಯಬಹುದಿತ್ತು. ಮುಗಿಯದಂತೆ ನೋಡಿಕೊಂಡವರು ಉಳಿದ ಚೀನೀ ವೈದ್ಯರು ಮತ್ತು ದಾದಿಯರು. ಅವರು ಆಸ್ಪತ್ರೆಯನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದರು, ಕೆಲವು ಅಮೆರಿಕನ್ನರು ಮರಳಿ ಬಂದರು. ಆದರೆ ಈ ಸಲ ಹೊಣೆ ಚೀನೀಯರದು, ಅಮೆರಿಕನ್ನರು ಅವರಡಿ ದುಡಿಯುವವರು.

ಜಪಾನಿನ ದಾಳಿಯ ಕಾಲದಲ್ಲಿ ಈ ಹೊಸ ಏರ್ಪಾಡಿನ ಪರೀಕ್ಷೆಯಾಯಿತು. 1938ರ ನವೆಂಬರ್‌ನಲ್ಲಿ, ಶತ್ರುವಿಗೆ ಏನೂ ಸಿಗಬಾರದೆಂದು ಚೀನೀ ಸೇನೆಯೇ ಚಾಂಗ್‌ಶಾಗೆ ಬೆಂಕಿ ಇಟ್ಟಿತು. ಊರಿನ ಬಹುಪಾಲು ಸುಟ್ಟುಹೋಯಿತು. ಕಾಲೇಜು ಗ್ವೇಯಾಂಗ್‌ಗೆ, ಕೊನೆಗೆ ಚಾಂಗ್‌ಚಿಂಗ್‌ಗೆ ಗಂಟುಮೂಟೆ ಕಟ್ಟಿತು. ಯಾಲಿ ಶಾಲೆ ಗುಡ್ಡಗಾಡಿನ ಯುವಾನ್‌ಲಿಂಗ್‌ಗೆ ಹೋಯಿತು. ಶಿಯಾಂಗ್ಯಾದ ಹಳೆಯ ವಿದ್ಯಾರ್ಥಿ ಝಾಂಗ್ ಶಿಯಾವ್‌ಚಿಯನ್ ಈ ವಲಸೆಯ ಉದ್ದಕ್ಕೂ ಕಾಲೇಜನ್ನು ಮುನ್ನಡೆಸಿದರು.

ನಂತರದ ಪೆಟ್ಟು ಇನ್ನೂ ಕಠಿಣ. ಕೊರಿಯಾ ಯುದ್ಧದಲ್ಲಿ ಎರಡು ದೇಶಗಳ ಸೈನಿಕರು ಪರಸ್ಪರ ಕೊಲ್ಲುತ್ತಿದ್ದಾಗ, ಚಾಂಗ್‌ಶಾದಲ್ಲಿ ಉಳಿದಿದ್ದ ಕೊನೆಯ ಯೇಲ್ ಪ್ರತಿನಿಧಿ ಡ್ವೈಟ್ ರಗ್ ಅವರನ್ನು ಮನೆಯಲ್ಲೇ ಬಂಧಿಸಿಟ್ಟು, ಸಾರ್ವಜನಿಕ ಸಭೆಯಲ್ಲಿ ಸಾಮ್ರಾಜ್ಯಶಾಹಿಯೆಂದು ಖಂಡಿಸಿ, 1951ರಲ್ಲಿ ದೇಶದಿಂದ ಹೊರಗೆ ಕಳಿಸಲಾಯಿತು. ಸಂಸ್ಥೆಗಳು ಸರ್ಕಾರದ ವಶವಾದವು. ಯಾಲಿ ಶಾಲೆ ಚಾಂಗ್‌ಶಾದ ಐದನೇ ಮಾಧ್ಯಮಿಕ ಶಾಲೆಯಾಯಿತು, ಶಿಯಾಂಗ್ಯಾ ಎಂಬ ಹೆಸರೂ ಹೋಯಿತು. ಯೇಲ್ ಸಂಘ ಹಾಂಗ್‌ಕಾಂಗ್‌ಗೆ ತಿರುಗಿ, ಚಿಯನ್ ಮು ಎಂಬ ವಿದ್ವಾಂಸರು ನಿರಾಶ್ರಿತ ವಿದ್ಯಾರ್ಥಿಗಳಿಗಾಗಿ ಕಟ್ಟಿದ್ದ ನ್ಯೂ ಏಷ್ಯಾ ಕಾಲೇಜಿಗೆ ಕೈ ನೀಡಿತು. ಯಾನ್ ಫುಚಿಂಗ್ ಸಾಂಸ್ಕೃತಿಕ ಕ್ರಾಂತಿಯ ಕಿರುಕುಳ ಉಂಡು 1970ರಲ್ಲಿ ತೀರಿಕೊಂಡರು. ಬಾಗಿಲು ಮತ್ತೆ ತೆರೆದದ್ದನ್ನು ನೋಡಲು ಅವರಿರಲಿಲ್ಲ ಎಂಬುದು ಈ ಕಥೆಯಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವ ಸಂಗತಿ.

ಬಾಗಿಲು ತೆರೆದದ್ದು 1980ರಲ್ಲಿ. ಯೇಲ್-ಚೈನಾ ಅಸೋಸಿಯೇಷನ್ ಎಂಬ ಹೊಸ ಹೆಸರಿನಲ್ಲಿ, ಧರ್ಮಪ್ರಚಾರದ ಗೋಜಿಲ್ಲದೆ, ಸಂಘ ಚಾಂಗ್‌ಶಾಗೆ ಮರಳಿತು. ಈ ಬಾರಿ ಆಸ್ಪತ್ರೆ ಕಟ್ಟಲು ಯಾರೂ ಬರಲಿಲ್ಲ, ಇಂಗ್ಲಿಷ್ ಕಲಿಸುವ ಯುವಕ ಯುವತಿಯರು ಬಂದರು. ಆಗಷ್ಟೇ ಪದವಿ ಮುಗಿಸಿದವರನ್ನು ಎರಡು ವರ್ಷದ ಮಟ್ಟಿಗೆ ಪಾಠ ಹೇಳಲು ಕಳಿಸುವ ಪದ್ಧತಿ 1909ರಷ್ಟು ಹಳೆಯದು. ಚಾಂಗ್‌ಶಾದ ವೈದ್ಯರೂ ಅಧ್ಯಾಪಕರೂ ನ್ಯೂ ಹೇವನ್ ಕಡೆ ಹೊರಟರು. 1985ರಲ್ಲಿ ಯಾಲಿ ಶಾಲೆಗೆ, 1987ರಲ್ಲಿ ಶಿಯಾಂಗ್ಯಾ ಆಸ್ಪತ್ರೆಗೆ ಹಳೆಯ ಹೆಸರು ಹಿಂತಿರುಗಿತು. 1997ರಿಂದ ಆರೋಗ್ಯ ಕ್ಷೇತ್ರದಲ್ಲಿ ದುಡಿಯುವ ಚೀನೀ ಮಹಿಳೆಯರಿಗೆ ಯೇಲ್‌ನಲ್ಲಿ ಅಧ್ಯಯನ ಮಾಡಲು ಚಿಯಾ ಫೆಲೋಶಿಪ್ ಸಿಗತೊಡಗಿತು.

ಈಗ ಮತ್ತೆ ಗಾಳಿ ತಿರುಗಿದೆ. 2020ರಲ್ಲಿ ಅಮೆರಿಕ ಸರ್ಕಾರ ಸ್ವಯಂಸೇವಕರನ್ನು ಕಳಿಸುವ ಪೀಸ್ ಕೋರ್ ಮತ್ತು ವಿದ್ವಾಂಸರ ವಿನಿಮಯದ ಫುಲ್‌ಬ್ರೈಟ್ ಕಾರ್ಯಕ್ರಮಗಳನ್ನು ಚೀನಾದಲ್ಲಿ ಕೈಬಿಟ್ಟಿತು. ಹ್ಯೂಸ್ಟನ್‌ನ ಚೀನೀ ಕಾನ್ಸುಲೇಟ್ ಮುಚ್ಚಿತು, ಪ್ರತಿಯಾಗಿ ಚೆಂಗ್ಡುವಿನ ಅಮೆರಿಕನ್ ಕಾನ್ಸುಲೇಟ್ ಮುಚ್ಚಿತು. 2018-19ರಲ್ಲಿ ಚೀನಾದಲ್ಲಿ ಓದುತ್ತಿದ್ದ ಅಮೆರಿಕದ ವಿದ್ಯಾರ್ಥಿಗಳು ಹನ್ನೊಂದು ಸಾವಿರಕ್ಕೂ ಹೆಚ್ಚು. ಕೋವಿಡ್ ಕಾಲದ 2021-22ರಲ್ಲಿ ಉಳಿದವರು ಕೇವಲ 211. ಅತ್ತ ಅಮೆರಿಕದಲ್ಲಿ ಚೀನೀ ವಿದ್ಯಾರ್ಥಿಗಳ ಸಂಖ್ಯೆಯೂ ಇಳಿದು, 2023-24ರಲ್ಲಿ ಭಾರತದ ವಿದ್ಯಾರ್ಥಿಗಳು ಅವರನ್ನು ದಾಟಿದರು. ಒಬ್ಬರ ಊರಿನಲ್ಲಿ ಇನ್ನೊಬ್ಬರು ಎರಡು ವರ್ಷ ಬಾಳಿ ಬಂದವರ ಪೀಳಿಗೆ ತೆಳ್ಳಗಾದರೆ, ನಾಳೆ ಆ ದೇಶದ ಬಗ್ಗೆ ತೀರ್ಮಾನ ತೆಗೆದುಕೊಳ್ಳುವವರು ಅದನ್ನು ಸುದ್ದಿಪರದೆಯಲ್ಲಿ ಮಾತ್ರ ಕಂಡವರಾಗಿರುತ್ತಾರೆ. ನನಗೆ ಇದು ವ್ಯಾಪಾರ ಸುಂಕದ ಜಗಳಕ್ಕಿಂತ ದೊಡ್ಡ ನಷ್ಟ.

ಇಷ್ಟಾದರೂ ನ್ಯೂ ಹೇವನ್‌ನ ಸಂಘ ಬಾಗಿಲು ಹಾಕಿಲ್ಲ. ಶಿಯಾಂಗ್ಯಾ ಇಂದು ಸೆಂಟ್ರಲ್ ಸೌತ್ ವಿಶ್ವವಿದ್ಯಾಲಯದ ಅಂಗ, ಪೂರ್ತಿ ಚೀನೀಯರದೇ ಸಂಸ್ಥೆ. ಆಡಳಿತದಲ್ಲಿ ಅಮೆರಿಕದ ಕಡೆಯವರಿಗೆ ಈಗ ಹತ್ತು ಸ್ಥಾನವಿಲ್ಲ, ಒಂದೂ ಇಲ್ಲ. ಹಾಗಿದ್ದೂ ಆಸ್ಪತ್ರೆ ತನ್ನ ಹೆಸರಿನಲ್ಲಿ ಯಾಲಿಯ ಪಾಲನ್ನು ಉಳಿಸಿಕೊಂಡಿದೆ.